ವಿಳಾಸ ತಪ್ಪಿದ ಹಾಡು

ಒಂದು ಊರು ತಾನಿದ್ದ ಜಾಗದಿಂದ ಗೇಣುದ್ದವೂ ಕದಲದೆ ತನ್ನ ವಿಳಾಸವನ್ನು ಮಾತ್ರ ಬದಲಾಯಿಸಿಕೊಳ್ಳುವುದುಂಟು. ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಇಂಥ ಊರುಗಳಲ್ಲಿ ಒಂದು. 1953ರ ಸೆಪ್ಟೆಂಬರ್ ಮುಗಿಯುವವರೆಗೆ ಅದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಕ್ಟೋಬರ್ 1ರಂದು ಬೆಳಗಾಗುವ ವೇಳೆಗೆ ಮೈಸೂರು ರಾಜ್ಯಕ್ಕೆ ಸೇರಿಹೋಗಿತ್ತು. 1956ರಲ್ಲಿ ಆ ರಾಜ್ಯವೇ ಹಿಗ್ಗಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆ ಎರಡಾಗಿ, ಊರಿನವರು ವಿಜಯನಗರ ಜಿಲ್ಲೆಯವರಾದರು. ಇಷ್ಟು ವ್ಯವಹಾರ ನಡೆಯುವಾಗ ಶೇಂಗಾದ ಹೊಲಗಳು ಇದ್ದಲ್ಲಿಯೇ ಇದ್ದುವು, ಬೇವಿನ ಮರಗಳೂ ಇದ್ದಲ್ಲಿಯೇ ಇದ್ದುವು. ನೆರೆಯ ಹರಪನಹಳ್ಳಿಯ ಪಾಡಂತೂ ಇನ್ನೂ ಸೊಗಸು. ಅದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರು ವರ್ಷ ಕಳೆಯುವುದರೊಳಗೆ ವಿಜಯನಗರದ ಪಾಲಾಯಿತು. ತವರಿಗೂ ಗಂಡನ ಮನೆಗೂ ತಿರುಗಿ, ಕೊನೆಗೆ ಬೇರೆ ಮನೆ ಹೂಡಿದ ಹೆಣ್ಣುಮಗಳಂತೆ.

ಮನುಷ್ಯರ ನಡುವೆ ಇದರಿಂದ ದೊಡ್ಡ ತೊಡಕೇನೂ ಹುಟ್ಟುವುದಿಲ್ಲ. ಅಂಚೆಯವನು ಊರಿನವನೇ ಆಗಿರುತ್ತಾನೆ. ಹಳೆಯ ಜಿಲ್ಲೆಯ ಹೆಸರು ಬರೆದ ಕಾಗದವನ್ನೂ ಅವನು ಒಮ್ಮೆ ನೋಡಿ, ‘ಇದು ಮೇಷ್ಟ್ರ ಮನೆಯದು’ ಎಂದು ತಂದು ಕೊಡುತ್ತಾನೆ. ಯಂತ್ರಗಳ ಲೋಕದಲ್ಲಿ ಈ ದಾಕ್ಷಿಣ್ಯವಿಲ್ಲ. ಅಲ್ಲಿ ವಿಳಾಸದ ಒಂದು ಅಂಕಿ ಬದಲಾದರೆ, ಒಂದೇ ಸೂರಿನ ಕೆಳಗಿರುವ ಎರಡು ಪೆಟ್ಟಿಗೆಗಳು ಒಂದನ್ನೊಂದು ಕಂಡೂ ಕಾಣದಂತೆ ಕುಳಿತುಬಿಡುತ್ತವೆ. 2024ರ ಜೂನ್ ತಿಂಗಳಲ್ಲಿ ಕಾನಹೊಸಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಡೆದದ್ದು ಇದೇ.

ಮೇಷ್ಟ್ರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಮನೆ ತಾತನ ಕಾಲದ್ದು. ಆ ಸೀಮೆಯ ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ ಎರಡಡಿ ದಪ್ಪ; ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹೊದಿಕೆ. ಬೇಸಗೆಯಲ್ಲಿ ಆ ಮನೆಯೊಳಗೆ ಕಾಲಿಟ್ಟರೆ ಬಿಸಿಲು ಹೊಸ್ತಿಲಾಚೆಯೇ ನಿಂತುಬಿಡುತ್ತದೆ. ಬಿಸಿಲನ್ನು ನಿಲ್ಲಿಸುವ ಗೋಡೆ ವೈಫೈಯ ಅಲೆಗಳನ್ನೂ ನಿಲ್ಲಿಸುತ್ತದೆ ಎಂಬುದು ತಿಳಿದದ್ದು ಬಹಳ ಈಚೆಗೆ. ಪಡಸಾಲೆಯಲ್ಲಿ ಚುರುಕಾಗಿ ಓಡಾಡುವ ಇಂಟರ್‌ನೆಟ್ಟು ಒಳಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತಿತ್ತು. ಆದುದರಿಂದಲೇ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ 2019ರಲ್ಲಿ ಯುಗಾದಿಗೆ ಬಂದಾಗ, ತೊಲೆಗಳ ಮಗ್ಗುಲಲ್ಲಿ ನೀಲಿ ತಂತಿಯೆಳೆದು ‘ಹಾಡಿನ ಪೆಟ್ಟಿಗೆ’ಯನ್ನು ಜೋಡಿಸಿದ್ದು. ಆ ತಂತಿಯೊಳಗೆ ಎಂಟು ತಾಮ್ರದ ಎಳೆಗಳು, ಎರಡೆರಡಾಗಿ ಹೊಸೆದವು. ಅಂಥ ತಂತಿ ನೂರು ಮೀಟರಿನವರೆಗೆ ನಿರಾಯಾಸವಾಗಿ ಸುದ್ದಿ ಒಯ್ಯಬಲ್ಲುದು. ಮೇಷ್ಟ್ರ ಮನೆಯ ಉದ್ದ ಅದರ ಕಾಲು ಭಾಗವೂ ಇಲ್ಲ.

ಹಾಡಿನ ಪೆಟ್ಟಿಗೆ ಎಂಬುದು ಮನೆಯವರಿಟ್ಟ ಹೆಸರು. ಬಲ್ಲವರು ಮ್ಯೂಸಿಕ್ ಸರ್ವರ್ ಎನ್ನುತ್ತಾರೆ. ನೋಡುವುದಕ್ಕೆ ಎರಡು ಪಂಚಾಂಗಗಳನ್ನು ಒಂದರ ಮೇಲೊಂದು ಇಟ್ಟಷ್ಟು ಗಾತ್ರ. ಪರದೆಯಿಲ್ಲ, ಗುಂಡಿಗಳಿಲ್ಲ, ಹಸುರು ದೀಪವೊಂದಿದೆ. ಅದು ಒಳಕೋಣೆಯ ಗೂಡಿನಲ್ಲಿ ಕುಳಿತಿರುತ್ತದೆ. ಅವ್ವನ ಮಂಚದ ಬಳಿ ಇನ್ನೊಂದು ಸಣ್ಣ ಪೆಟ್ಟಿಗೆ. ಅದಕ್ಕೆ ಎರಡು ಧ್ವನಿವರ್ಧಕಗಳು. ಎರಡೂ ಪೆಟ್ಟಿಗೆಗಳ ತಂತಿ ಪಡಸಾಲೆಯ ರೂಟರಿಗೆ ಬಂದು ಸೇರುತ್ತದೆ. ಬೆಳಗ್ಗೆ ಐದೂವರೆಗೆ ಮಂಚದ ಬಳಿಯ ಪೆಟ್ಟಿಗೆ ತಾನಾಗಿ ಗೂಡಿನ ಪೆಟ್ಟಿಗೆಯನ್ನು ಕೇಳುತ್ತದೆ. ಗೂಡಿನ ಪೆಟ್ಟಿಗೆ ಹಾಡು ಕಳುಹಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದಿಂದ ದಿನ ಆರಂಭ. ಎಂಬತ್ತೆಂಟು ವರ್ಷದ ಅವ್ವನಿಗೆ ಕಣ್ಣು ಮಂಜಾಗಿದೆ. ಗಡಿಯಾರದ ಮುಳ್ಳು ಕಾಣದು. ಮನ್ಸೂರರ ದನಿ ಎದ್ದರೆ ಬೆಳಗಾಯಿತೆಂದು ಅರ್ಥ. ಗಂಗೂಬಾಯಿ ಹಾನಗಲ್ಲರ ದನಿಗೆ ಹೊತ್ತು ಮೇಲೇರಿತೆಂದು ಅರ್ಥ. ಬಸವರಾಜ ರಾಜಗುರುಗಳಿಗೆ ಸಂಜೆ. ಐದು ವರ್ಷದಿಂದ ಮುದುಕಿಯ ದಿನಚರಿ ಕಿರಾಣಾ ಮತ್ತು ಜೈಪುರ ಘರಾನೆಗಳ ಮೇಲೆಯೇ ನಡೆದಿತ್ತು.

ಗಣಿತದ ಮೇಷ್ಟ್ರಾದುದರಿಂದ ಅವರಿಗೆ ಪೆಟ್ಟಿಗೆಯೊಳಗಿನ ಲೆಕ್ಕದ ಮೇಲೂ ಪ್ರೀತಿ. ಅಡಕಮುದ್ರಿಕೆಯ ಸಂಗೀತವೆಂದರೆ ಪ್ರತಿ ಸೆಕೆಂಡಿಗೆ ನಾದದ ಅಲೆಯನ್ನು 44,100 ಸಲ ಅಳೆದು ಬರೆದಿಟ್ಟ ಅಂಕಿಗಳು. ಎಡಗಿವಿಗೊಂದು ಸಾಲು, ಬಲಗಿವಿಗೊಂದು ಸಾಲು. ಒಂದು ಗಂಟೆಯ ಗಾಯನಕ್ಕೆ ಸುಮಾರು 635 ಎಂ.ಬಿ. ಬೇಕು, ಒಂದಂಕಿಯೂ ನಷ್ಟವಾಗದಂತೆ ಮಡಿಸಿಡುವ ವಿಧಾನದಿಂದ ಅದನ್ನು ಅರ್ಧದ ಸಮೀಪಕ್ಕೆ ಇಳಿಸಬಹುದು. 78ರ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟಿನ ಹಾಡು ಹಿಡಿಯುತ್ತಿದ್ದ ಕಾಲವನ್ನು ನೆನೆದರೆ ಇದು ಅತಿಶಯವೇ ಸರಿ. ಆ ಮೂರು ಮಿನಿಟಿನಲ್ಲಿ ಒಂದು ರಾಗವನ್ನು ಕಟ್ಟಿ ನಿಲ್ಲಿಸಿದವರ ಸಾಹಸ ಅದಕ್ಕಿಂತ ದೊಡ್ಡ ಅತಿಶಯ.

ಆದರೆ ಪೆಟ್ಟಿಗೆಯ ಬೆಲೆ ಇರುವುದು ಮನ್ಸೂರರಿಂದಲ್ಲ. ಮನ್ಸೂರರ ಧ್ವನಿ ಜಗತ್ತಿನಲ್ಲಿ ಇನ್ನೂ ಸಾವಿರ ಕಡೆ ಉಂಟು. ತಿಂಗಳ ಚಂದಾ ಕಟ್ಟಿ ಮೊಬೈಲಿನಲ್ಲಿ ಕೇಳುವವರಿಗೂ ಅದು ದಕ್ಕುತ್ತದೆ. ಯಾವ ಕಂಪನಿಯ ಭಂಡಾರದಲ್ಲಿಯೂ ಇಲ್ಲದ ಒಂದು ದನಿ ಆ ಗೂಡಿನಲ್ಲಿತ್ತು. ಮೇಷ್ಟ್ರ ತಂದೆ ಒಕ್ಕಲುತನದವರು; ಬಯಲಾಟದಲ್ಲಿ ಭಾಗವತರು. 1984ರ ಬೇಸಗೆಯಲ್ಲಿ ಊರಲ್ಲಿ ಅಭಿಮನ್ಯು ಕಾಳಗದ ಆಟವಾದಾಗ ಬಸ್ ನಿಲ್ದಾಣದ ಬಳಿಯ ರೇಡಿಯೋ ಅಂಗಡಿಯವರು ತಮ್ಮ ನ್ಯಾಷನಲ್ ಪ್ಯಾನಸೋನಿಕ್ ಟೇಪ್ ರೆಕಾರ್ಡರನ್ನು ಹಿಮ್ಮೇಳದ ಮುಂದಿಟ್ಟು ಕುಳಿತರು. ಅಂದು ಮದ್ದಳೆ ಬಾರಿಸಿದವರು ಅವರದೇ ದೊಡ್ಡಪ್ಪ. ಕೈಯಲ್ಲಿದ್ದುದು ನಾಲ್ಕು ಕ್ಯಾಸೆಟ್ಟು, ಒಂದೊಂದೂ ಒಂದು ಗಂಟೆಯದು. ರಾತ್ರಿಯಿಡೀ ನಡೆದ ಆಟದಲ್ಲಿ ನಾಲ್ಕು ಗಂಟೆಯ ಪದ ಉಳಿಯಿತು. ಮಗ್ಗುಲು ಬದಲಿಸುವಾಗ ಹೋದ ಮಾತುಗಳು ಹೋದುವು. 1991ರಲ್ಲಿ ತಂದೆ ತೀರಿಕೊಂಡರು. ಒಂದು ಗಂಟೆಯ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರು ಪಟ್ಟಿ ಸುತ್ತಿರುತ್ತದೆ. ಟ್ರಂಕಿನಲ್ಲಿದ್ದ ಆ ಪಟ್ಟಿಗೆ ಬೂಷ್ಟು ಹಿಡಿದಿತ್ತು. 2019ರಲ್ಲಿ ಮಗ ಅದನ್ನು ಸಾವಕಾಶವಾಗಿ ಒಮ್ಮೆ ಓಡಿಸಿ ಪೆಟ್ಟಿಗೆಗೆ ಇಳಿಸಿಕೊಂಡ. ಎರಡನೆಯ ಸಲ ಓಡಿಸಲು ಹೋದಾಗ ಎರಡು ಕ್ಯಾಸೆಟ್ಟುಗಳ ಪಟ್ಟಿ ತುಂಡಾಯಿತು. ಅಲ್ಲಿಂದೀಚೆಗೆ ಭಾಗವತರ ದನಿ ಇದ್ದದ್ದು ಹಾಡಿನ ಪೆಟ್ಟಿಗೆಯೊಂದರಲ್ಲೇ.

ಇನ್ನು ರೂಟರಿನ ಪ್ರಸಂಗ. ಮನೆಗೆ ಮೊದಲಿಂದಲೂ ಇಂಟರ್‌ನೆಟ್ಟು ಬರುತ್ತಿದ್ದುದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಪ್ರತಿ ವರ್ಷ ಮುಂಗಾರಿನ ಮೊದಲ ಸಿಡಿಲಿಗೆ ಆ ತಂತಿ ಒಂದು ವಾರ ಮೌನವ್ರತ ಹಿಡಿಯುತ್ತಿತ್ತು. ಲೈನ್‌ಮನ್ನು ನಿವೃತ್ತನಾದ, ಅವನ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ಕಂಬಗಳ ಮೇಲೆ ಗಾಜಿನ ಎಳೆಯ ಫೈಬರ್ ಬಂದಿತು. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆದುದರಿಂದ ಗಾಜಿನ ಎಳೆಯ ಮೂಲಕ ಸಿಡಿಲು ಮನೆಗೆ ಬರುವ ಭಯವಿಲ್ಲ. ಮೇಷ್ಟ್ರು ಅರ್ಜಿ ಹಾಕಿದರು. ಮಾರನೆಯ ದಿನವೇ ಒಬ್ಬ ಹುಡುಗ ಏಣಿಯೊಡನೆ ಬಂದ. ಗೋಡೆಗೆ ತೂತು ಕೊರೆಯುವಾಗ ಅರ್ಧ ದಾರಿಯಲ್ಲಿ ಸುಸ್ತಾಗಿ, ‘ಇದೇನ್ ಗೋಡೇರಿ ಸಾರ್, ಕೋಟೆ ಇದ್ದಂಗೈತಲ್ಲ!’ ಎಂದ. ಮುಕ್ಕಾಲು ಗಂಟೆಯಲ್ಲಿ ಹಳೆಯ ರೂಟರನ್ನು ಕಿತ್ತು, ಹೊಸತನ್ನು ಹೂಡಿ, ಹಳೆಯದರಲ್ಲಿದ್ದ ನೀಲಿ ತಂತಿಗಳನ್ನು ಹೊಸತರ ತೂತುಗಳಿಗೆ ಸಿಕ್ಕಿಸಿದ. ಮೊಬೈಲಿನಲ್ಲಿ ವೇಗವನ್ನು ಅಳೆದು ತೋರಿಸಿದ. ‘ನೋಡ್ರಿ, ಹೆಂಗ್ ಓಡ್ತೈತೆ!’ ಮೇಷ್ಟ್ರು ಚಹಾ ಕೊಟ್ಟು ಕಳುಹಿಸಿದರು. ಸಂಜೆ ಬೆಂಗಳೂರಿನ ಮೊಮ್ಮಗಳ ಮುಖ ಪರದೆಯ ಮೇಲೆ ಕೊಂಚವೂ ನಡುಗದೆ ನಿಂತಿತು. ಎಲ್ಲರಿಗೂ ಸಂತೋಷವಾಯಿತು.

ಮರುದಿನ ಐದೂವರೆಯಾಯಿತು. ಆರಾಯಿತು. ಒಳಕೋಣೆಯಿಂದ ಅವ್ವನ ದನಿ ಬಂತು:

‘ಯಾಕಪಾ, ಇವತ್ತು ಮನ್ಸೂರಜ್ಜ ಏಳಲಿಲ್ಲೇನು?’

ಮೇಷ್ಟ್ರು ಹೋಗಿ ನೋಡಿದರು. ಗೂಡಿನಲ್ಲಿ ಹಸುರು ದೀಪ ಎಂದಿನಂತೆ ಉರಿಯುತ್ತಿದೆ. ಮಂಚದ ಬಳಿಯ ಪೆಟ್ಟಿಗೆಗೂ ಜೀವವಿದೆ. ಮೊಬೈಲಿನಲ್ಲಿ ಹುಡುಕಿದರೆ, ‘ಸಂಗೀತ ಭಂಡಾರ ಸಿಕ್ಕಲಿಲ್ಲ’ ಎಂಬ ಒಂದೇ ಉತ್ತರ. ಆರಿಸಿ ಹಚ್ಚಿದರು, ಅದೇ ಉತ್ತರ. ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದರು, ಅದೇ ಉತ್ತರ. ಕಂಪನಿಗೆ ಫೋನು ಮಾಡಿದರೆ ಅತ್ತಲಿನ ವಿನಯವಂತ ಕಂಠ, ‘ಸರ್, ನಿಮಗೆ ನೆಟ್ ಬರುತ್ತಿದೆಯಲ್ಲವೇ?’ ಎಂದಿತು. ಬರುತ್ತಿದೆ ಎಂದರು. ‘ಹಾಗಾದರೆ ನಮ್ಮ ಕಡೆಯಿಂದ ತೊಂದರೆಯಿಲ್ಲ ಸರ್.’ ಹಾಡು ಬರುತ್ತಿಲ್ಲವೆಂಬುದು ಅವರ ನೋಂದಣಿ ಪುಸ್ತಕದಲ್ಲಿ ದೂರೇ ಅಲ್ಲ.

ಮಗನಿಗೆ ಫೋನು ಹೋಯಿತು. ಆತ ಆಗ ಆಫೀಸಿನ ಬಸ್ಸಿನಲ್ಲಿದ್ದ. ‘ಅಪ್ಪಾ, ಬಾಕ್ಸಿನ ಹಿಂದೆ ಒಂದು ಸಣ್ಣ ತೂತು ಐತಿ ನೋಡ್ರಿ. ಅದರಾಗ ಪಿನ್ನು ಹಾಕಿ ಒತ್ತಿ ಹಿಡೀರಿ. ರಿಸೆಟ್ ಆಗ್ತೈತಿ.’

ಮೇಷ್ಟ್ರು ಪಿನ್ನು ಹುಡುಕಿದರು. ಕೈ ತೂತಿನ ಸಮೀಪಕ್ಕೆ ಹೋಗಿ ನಿಂತಿತು. ಎಷ್ಟು ಹೊತ್ತು ಒತ್ತಬೇಕು? ಒತ್ತಿದರೆ ಏನೇನು ಅಳಿಯುತ್ತದೆ? ಮರಳಿ ಫೋನು ಮಾಡಿದರೆ ಮಗನ ಮೊಬೈಲು ಮೌನವಾಗಿತ್ತು. ಇಂಥ ಪೆಟ್ಟಿಗೆಗಳಲ್ಲಿ ಎಲ್ಲವೂ ಒಂದೇ ತೆರನಲ್ಲ. ಕೆಲವು ಕ್ಷಣಕಾಲ ಒತ್ತಿದರೆ ಗುಪ್ತಪದವನ್ನೂ ವಿಳಾಸವನ್ನೂ ಮಾತ್ರ ಮರೆಯುತ್ತವೆ. ಇನ್ನಷ್ಟು ಒತ್ತಿದರೆ ಕೆಲವು ಎಲ್ಲ ಏರ್ಪಾಟನ್ನೂ ಕಳಚಿಕೊಂಡು, ಹೊಸತಾಗಿ ಸಿದ್ಧಗೊಳಿಸೆಂದು ಕೇಳುತ್ತವೆ. ಹಾಗೆ ಕೇಳಿದಾಗ ಗೊತ್ತಿಲ್ಲದವರು ‘ಆಗಲಿ’ ಎಂದುಬಿಟ್ಟರೆ ತಟ್ಟೆಯ ಮೇಲಿದ್ದುದು ಉಳಿಯುವ ಭರವಸೆಯಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ, ಉತ್ತರ ಖಚಿತವಾಗುವವರೆಗೆ ಲೆಕ್ಕವನ್ನು ಒರೆಸಬೇಡಿರೆಂದು ಹೇಳಿದ ಮನುಷ್ಯ ಪಿನ್ನನ್ನು ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದರು.

ಅಲ್ಲಿ ರೇಡಿಯೋ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಯಜಮಾನರು ಮಾತ್ರ ಅವರೇ. ಕವಾಟ ರೇಡಿಯೋದಿಂದ ಹಿಡಿದು ಟ್ರಾನ್ಸಿಸ್ಟರು, ಟೇಪು, ಟೀವಿ, ಡಿಶ್ಶು ಎಲ್ಲವನ್ನೂ ಬಿಚ್ಚಿ ಹೂಡಿದ ಕೈ. ಅವರು ಕೇಳಿದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು.

‘ಮೇಷ್ಟ್ರೇ, ಹಳೇ ರೂಟರ್ ಎಲ್ಲೈತೆ? ಎಸೆದಿಲ್ಲ ಹೌದಿಲ್ಲ?’

ಎಸೆದಿರಲಿಲ್ಲ. ಮೇಷ್ಟ್ರ ಮನೆಯಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಅದು ಆಗಲೇ ಅಟ್ಟ ಸೇರಿ, 1968ರ ರೇಡಿಯೋ ಲೈಸೆನ್ಸಿನ ಪುಸ್ತಕವಿದ್ದ ಟ್ರಂಕಿನ ಮೇಲೆ ಕುಳಿತಿತ್ತು. (ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಛೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ಪರವಾನಿಗೆ ಪಡೆಯಬೇಕಾಗಿದ್ದಿತೆಂದರೆ ಇಂದಿನ ಹುಡುಗರು ನಗುತ್ತಾರೆ. 1980ರ ದಶಕದ ನಡುಭಾಗದವರೆಗೆ ಅದು ನಡೆದು ಬಂದ ಪದ್ಧತಿ. ಮೇಷ್ಟ್ರ ತಂದೆಯ ಪುಸ್ತಕದಲ್ಲಿ ಹೆಸರು, ಊರು, ತಾಲ್ಲೂಕು, ಬಳ್ಳಾರಿ ಜಿಲ್ಲೆ, ಮೈಸೂರು ರಾಜ್ಯ ಎಂದೆಲ್ಲ ದಾಖಲಾಗಿದೆ. ಧಾರವಾಡ ನಿಲಯದ ಹಾಡು ಆ ವಿಳಾಸಕ್ಕೇ ಬಂದು ಇಳಿಯುತ್ತಿತ್ತೋ ಎಂಬಂತೆ.)

ರೇಡಿಯೋ ಅಂಗಡಿಯವರು ಹಳೆಯ ರೂಟರನ್ನು ಪಡಸಾಲೆಗೆ ತಂದು, ಧೂಳೊರೆಸಿ, ಅದಕ್ಕೆ ವಿದ್ಯುತ್ತನ್ನು ಮಾತ್ರ ಕೊಟ್ಟರು. ಟೆಲಿಫೋನಿನ ತಂತಿಯಿಲ್ಲ, ಫೈಬರಿನ ನಂಟಿಲ್ಲ. ನೀಲಿ ತಂತಿಗಳೆರಡನ್ನು ಹೊಸ ರೂಟರಿನಿಂದ ಬಿಡಿಸಿ ಇದಕ್ಕೆ ಸಿಕ್ಕಿಸಿದರು. ಎರಡು ಮಿನಿಟು ಕಾದರು. ‘ಈಗ ಹಚ್ರಿ.’

ಮಂಚದ ಬಳಿಯ ಪೆಟ್ಟಿಗೆಯ ಗುಂಡಿ ಒತ್ತಿದೊಡನೆ ಒಳಕೋಣೆಯಲ್ಲಿ ತಂಬೂರಿ ಎದ್ದಿತು. ಅದರ ಮೇಲೆ ಮನ್ಸೂರರು. ಹೊತ್ತು ಹನ್ನೊಂದಾಗಿತ್ತು. ‘ಇದೇನು, ಬೆಳಕು ಹರಿದದ್ದು ಈಗೇನು?’ ಎಂದಳು ಅವ್ವ.

ಮೇಷ್ಟ್ರು ಬೆರಗಾದರು. ಇಂಟರ್‌ನೆಟ್ಟು ತೊಟ್ಟೂ ಇಲ್ಲದ ಪೆಟ್ಟಿಗೆಯಲ್ಲಿ ಹಾಡು ಬಂದದ್ದು ಹೇಗೆ? ಆದರೆ ಬೆರಗಿಗೆ ಕಾರಣವೇ ಇರಲಿಲ್ಲ. ಹಾಡು ಎಂದೂ ಹೊರಗಿನಿಂದ ಬಂದುದಲ್ಲ. ಒಳಕೋಣೆಯ ಗೂಡಿನಿಂದ ಪಡಸಾಲೆಗೆ ಬಂದು, ಪಡಸಾಲೆಯಿಂದ ಅವ್ವನ ಮಂಚಕ್ಕೆ ಹೋಗುತ್ತಿತ್ತು, ಅಷ್ಟೆ. ರೂಟರು ಎಂಬುದು ಒಂದೇ ಮೈಯಲ್ಲಿ ಎರಡು ಉದ್ಯೋಗ ಮಾಡುವ ಆಳು. ಮನೆಯ ಬಾಗಿಲಲ್ಲಿ ನಿಂತು ಹೊರಜಗತ್ತಿನೊಡನೆ ವ್ಯವಹರಿಸುವುದು ಒಂದು. ಮನೆಯೊಳಗಿನ ಪೆಟ್ಟಿಗೆಗಳಿಗೆ ಅಂಕಿಯ ವಿಳಾಸ ಹಂಚಿ, ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವುದು ಇನ್ನೊಂದು. ಕಂಪನಿಯವರಿಗೆ ಮೊದಲನೆಯದೇ ಕಣ್ಣಿಗೆ ಬೀಳುವುದು. ಅವ್ವನಿಗೆ ಬೇಕಾಗಿದ್ದುದು ಎರಡನೆಯದು.

ಈ ಅಂಕಿಗಳ ಕಥೆ ಸ್ವಲ್ಪ ಹೇಳಬೇಕು. ಇಂಟರ್‌ನೆಟ್ಟಿನ ಹಳೆಯ ಪದ್ಧತಿಯ ವಿಳಾಸವೆಂದರೆ ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕೆಗಳು. ಪ್ರತಿಯೊಂದು ಸಂಖ್ಯೆ ಸೊನ್ನೆಯಿಂದ 255ರವರೆಗೆ ಇರಬಹುದು. ಒಟ್ಟು ವಿಳಾಸಗಳು 4,29,49,67,296. ಜಗತ್ತಿನ ಯಂತ್ರಗಳಿಗೆ ಇಷ್ಟು ಸಾಲದೆಂಬುದು ಬೇಗನೆ ಮನವರಿಕೆಯಾಯಿತು. 1996ರಲ್ಲಿ ನಿಯಮ ಬರೆಯುವವರು ಕೆಲವು ಗುಂಪುಗಳನ್ನು ಮನೆಯೊಳಗಿನ ಬಳಕೆಗೆಂದೇ ಮೀಸಲಿಟ್ಟರು. 192.168 ಎಂದು ಮೊದಲಾಗುವ 65,536 ವಿಳಾಸಗಳು ಅಂಥವು. ಅವು ಹೊರಗಿನ ಜಗತ್ತಿನಲ್ಲಿ ಸಲ್ಲುವುದಿಲ್ಲ. ಆದುದರಿಂದಲೇ ಲಕ್ಷಾಂತರ ಮನೆಗಳಲ್ಲಿ ಅವನ್ನೇ ಮತ್ತೆ ಮತ್ತೆ ಬಳಸಬಹುದು. ಪ್ರತಿ ಊರಿನಲ್ಲಿಯೂ ಒಂದು ಅಗಸೆ ಬಾಗಿಲು, ಒಂದು ಹನುಮಪ್ಪನ ಗುಡಿ ಇರುವ ಹಾಗೆ. ‘ಹನುಮಪ್ಪನ ಗುಡಿಯ ಪಕ್ಕದ ಮನೆ’ ಎಂದರೆ ಊರೊಳಗೆ ಸಾಕು. ಊರ ಹೊರಗೆ ಅದಕ್ಕೆ ಅರ್ಥವಿಲ್ಲ.

ಹಳೆಯ ರೂಟರು ಮನೆಯನ್ನು 192.168.1 ಎಂದು ಕರೆಯುತ್ತಿತ್ತು. ತನ್ನ ಪೆಟ್ಟಿಗೆಯನ್ನು ಯಾವಾಗಲೂ ಒಂದೇ ಕಡೆ ಕಾಣಬೇಕೆಂಬ ಹಂಬಲದಿಂದ ಮಗ ಅದಕ್ಕೆ 192.168.1.50 ಎಂಬ ವಿಳಾಸವನ್ನು ಕಲ್ಲಿನಲ್ಲಿ ಕೊರೆದಂತೆ ಬರೆದಿಟ್ಟಿದ್ದ. ಹೊಸ ರೂಟರು ಬಂದದ್ದು ಬೇರೆ ಸಂಪ್ರದಾಯದಿಂದ. ಅದು ಮನೆಯನ್ನು 192.168.100 ಎಂದು ಕರೆಯಿತು. ಮೊಬೈಲು, ಟೀವಿ, ಮಂಚದ ಬಳಿಯ ಪೆಟ್ಟಿಗೆ ಇವೆಲ್ಲ ‘ಏನು ಕೊಟ್ಟರೂ ಸರಿ’ ಎನ್ನುವ ಜಾಯಮಾನದವು. ಹೊಸ ವಿಳಾಸ ತೆಗೆದುಕೊಂಡು ಸುಮ್ಮನಾದುವು. ಹಾಡಿನ ಪೆಟ್ಟಿಗೆ ಮಾತ್ರ ತನ್ನ ಹಳೆಯ ವಿಳಾಸವನ್ನು ಬಿಡಲಿಲ್ಲ. 1953ರ ನಂತರವೂ ಕೆಲವು ಮುದುಕರು ಕಾಗದದ ಮೇಲೆ ಮದರಾಸು ಎಂದೇ ಬರೆಯುತ್ತಿದ್ದರಂತೆ, ಅಂಥ ನಿಷ್ಠೆ. ಮೂರನೆಯ ಸಂಖ್ಯೆ ಬೇರೆಯಾದರೆ ಪೆಟ್ಟಿಗೆಗಳ ಲೆಕ್ಕದಲ್ಲಿ ಅದು ಬೇರೆ ಊರು. ತಂತಿ ಸಿಕ್ಕಿಸಿದ್ದರೂ, ದೀಪ ಉರಿಯುತ್ತಿದ್ದರೂ, ನಡುವೆ ಇಪ್ಪತ್ತಡಿಯ ದೂರವಷ್ಟೇ ಇದ್ದರೂ ಮಾತುಕತೆ ಇಲ್ಲ.

ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದಿದ್ದುವು. ಹಳೆಯ ತಟ್ಟೆಗಳ ರಾಶಿಯಲ್ಲಿ ಗಂಗೂಬಾಯಿಯವರಿಗಾಗಿ ಹುಡುಕುವವರ ಕೈಯೊಳಗೇ ಗಾಂಧಾರಿ ಬಂದು ಜಾರಿಹೋಗಿರಲಿಕ್ಕೆ ಸಾಕು. ಹುಡುಕುವವರು ಕಿವಿಯನ್ನು ನಂಬದೆ ಚೀಟಿಯನ್ನು ನಂಬಿದರೆ ಹೀಗೆಯೇ. ಆದರೆ ಯಂತ್ರಕ್ಕೆ ಕಿವಿಯೆಲ್ಲಿಯದು? ಚೀಟಿಯೊಂದೇ ಅದರ ಗತಿ.

ರೇಡಿಯೋ ಅಂಗಡಿಯವರು ಈಗ ಅವಸರ ಮಾಡಲಿಲ್ಲ. ತಮ್ಮ ಲ್ಯಾಪ್‌ಟಾಪನ್ನು ಇನ್ನೊಂದು ತಂತಿಯಿಂದ ಹಳೆಯ ರೂಟರಿಗೆ ಜೋಡಿಸಿ, 192.168.1.50 ಎಂದು ಬರೆದರು. ಹಾಡಿನ ಪೆಟ್ಟಿಗೆಯ ಕದ ತೆರೆಯಿತು. ಮಗ ಬರೆದುಕೊಟ್ಟ ಗುಪ್ತಪದವನ್ನು ಮೇಷ್ಟ್ರು ಪಂಚಾಂಗದ ಹಿಂಪುಟದಿಂದ ಓದಿ ಹೇಳಿದರು. ಪಟ್ಟಿಯಲ್ಲಿ ಮನ್ಸೂರ, ಹಾನಗಲ್, ರಾಜಗುರು, ಜೋಶಿ, ಗದುಗಿನ ಪುಟ್ಟರಾಜ ಗವಾಯಿಗಳು. ಕೊನೆಯಲ್ಲಿ ‘ತಾತ 1984’.

‘ಮೊದಲ ಕೆಲಸ ಇದು’ ಎಂದು ಅವರು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ನಾಲ್ಕು ಗಂಟೆಯ ಪದ ಒಂದೂವರೆ ಜಿ.ಬಿ.ಯನ್ನೂ ಮುಟ್ಟಲಿಲ್ಲ. ತಂದೆಯ ಕಂಠವೆಲ್ಲ ಒಂದು ಅಡಿಕೆಯ ಹೋಳಿನಷ್ಟು ಜಾಗಕ್ಕೆ ಇಳಿದು ಬರಲು ಕೆಲವು ಮಿನಿಟುಗಳು ಸಾಕಾದುವು. ‘ಈಗ ಏನಾರ ಆಗಲಿ, ಅಂಜಿಕಿಲ್ಲ.’ ಮೇಷ್ಟ್ರು ಆಗಲೇ ಮೊದಲ ಸಲ ಗೋಡೆಗೆ ಒರಗಿ ಕುಳಿತದ್ದು. ಐದು ವರ್ಷ ಇದನ್ನು ಯಾರೂ ಮಾಡಿರಲಿಲ್ಲವೆಂಬುದು ಸೋಜಿಗ. ಕ್ಯಾಸೆಟ್ಟು ಹಾಳಾಗುತ್ತದೆಂದು ಪೆಟ್ಟಿಗೆಗೆ ಇಳಿಸಿದವರು, ಪೆಟ್ಟಿಗೆಯೂ ಹಾಳಾಗಬಹುದೆಂಬುದನ್ನು ಎಣಿಸುವುದಿಲ್ಲ. ತಿರುಗುವ ತಟ್ಟೆಗೆ ಆಯುಷ್ಯ ಬರೆದಿಟ್ಟಿಲ್ಲ; ಅದು ಹೋಗುವ ದಿನ ಹೇಳಿ ಹೋಗುವುದೂ ಅಪರೂಪ.

ಅನಂತರ ಒಂದು ಸಣ್ಣ ಚರ್ಚೆ ನಡೆಯಿತು. ಮೇಷ್ಟ್ರ ಬುದ್ಧಿ ಗಣಿತದ್ದು. ಸಮೀಕರಣದ ಎರಡು ಬದಿಗಳಲ್ಲಿ ಯಾವುದನ್ನು ಬದಲಿಸಿದರೂ ಉತ್ತರ ಒಂದೇ ತಾನೆ? ಹೊಸ ರೂಟರಿಗೇ 192.168.1 ಎಂದು ಹೆಸರಿಟ್ಟರೆ ಹಾಡಿನ ಪೆಟ್ಟಿಗೆಯನ್ನು ಮುಟ್ಟುವ ಕೆಲಸವೇ ಇಲ್ಲ. ಅದು ಆಗುವ ಮಾತೇ. ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ರೇಡಿಯೋ ಅಂಗಡಿಯವರು ಒಪ್ಪಲಿಲ್ಲ.

‘ರೂಟರ್ ಕಂಪನೀದು, ಮೇಷ್ಟ್ರೇ. ನಾಳೆ ಕೆಟ್ಟರೆ ಬೇರೆ ತಂದು ಇಡ್ತಾರೆ. ಅವರೇ ಅಲ್ಲಿಂದ ಏನಾರ ತಿದ್ದಿದರೂ ತಿದ್ದಿದರೇ. ಆವಾಗ ಮತ್ತೆ ಇದೇ ಕಥೆ. ಪೆಟ್ಟಿಗೆ ನಿಮ್ಮದು. ಅದಕ್ಕೆ ಬುದ್ಧಿ ಹೇಳಾಣ.’

ಹಾಗೆಯೇ ಆಯಿತು. ಹಾಡಿನ ಪೆಟ್ಟಿಗೆಯ ಏರ್ಪಾಟಿನಲ್ಲಿ ಸ್ಥಿರ ವಿಳಾಸವನ್ನು ತೆಗೆದು, ವಿಳಾಸವನ್ನು ರೂಟರಿನಿಂದ ಕೇಳಿ ಪಡೆಯುವಂತೆ ಗುರುತು ಹಾಕಿದರು. ನೀಲಿ ತಂತಿಗಳೂ ಲ್ಯಾಪ್‌ಟಾಪಿನ ತಂತಿಯೂ ಹೊಸ ರೂಟರಿಗೆ ಮರಳಿದುವು. ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿದರು. ಈಗ ಅದು ಯಾವ ವಿಳಾಸ ಪಡೆದಿದೆಯೆಂದು ತಿಳಿಯಬೇಕು. ಹೊಸ ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಅದರೊಳಗೆ ಪ್ರವೇಶಿಸುವ ಗುಪ್ತಪದವಿತ್ತು. ತೆರೆದರೆ, ಮನೆಯಲ್ಲಿರುವ ಯಂತ್ರಗಳ ಪಟ್ಟಿ. ಅವುಗಳಲ್ಲಿ ಎರಡಕ್ಕೆ ಹೆಸರೇ ಇಲ್ಲ. ಅಲ್ಲಿ ಸಹಾಯಕ್ಕೆ ಬಂದುದು ಇನ್ನೊಂದು ಬಗೆಯ ಗುರುತು. ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲಿಯೇ ಹನ್ನೆರಡು ಅಕ್ಷರ ಅಂಕಿಗಳ ಒಂದು ಗುರುತನ್ನು ಕೊಟ್ಟಿರುತ್ತಾರೆ. ಅದು ಮನೆ ಬದಲಾದರೂ ಬದಲಾಗದ ಹುಟ್ಟುಮಚ್ಚೆ. ಹಾಡಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಭೂತಗನ್ನಡಿ ಹಿಡಿದು, ಮೇಷ್ಟ್ರು ಒಂದೊಂದೇ ಅಕ್ಷರವನ್ನು ಮಗ್ಗಿ ಒಪ್ಪಿಸುವಂತೆ ಓದಿದರು. ಪಟ್ಟಿಯಲ್ಲಿ ಅದು ಸಿಕ್ಕಿತು. ಆ ಮಚ್ಚೆಯುಳ್ಳ ಪೆಟ್ಟಿಗೆಗೆ ಯಾವಾಗಲೂ 192.168.100.50 ಎಂಬ ವಿಳಾಸವನ್ನೇ ಕೊಡಬೇಕೆಂದು ರೂಟರಿಗೆ ಕಟ್ಟುಮಾಡಿದರು. ಕೊನೆಯ 50 ಉಳಿಯಲೆಂಬುದು ಮೇಷ್ಟ್ರ ಬಯಕೆ. ಇನ್ನು ಮುಂದೆ ರೂಟರು ಬದಲಾದರೆ ಈ ಕಟ್ಟು ಹೋಗುತ್ತದೆ, ನಿಜ. ಆದರೆ ಪೆಟ್ಟಿಗೆ ಹಟ ಹಿಡಿದು ಕುಳಿತುಕೊಳ್ಳುವುದಿಲ್ಲ. ಹೊಸಬನ ಬಳಿ ಏನಾದರೊಂದು ವಿಳಾಸ ಕೇಳಿ ಪಡೆದು ಕಣ್ಣಿಗೆ ಕಾಣಿಸುತ್ತದೆ.

ಇಷ್ಟಾದರೂ ಅವ್ವನ ಕೋಣೆ ಮೌನವಾಗಿಯೇ ಇತ್ತು. ಮಂಚದ ಬಳಿಯ ಪೆಟ್ಟಿಗೆಗೆ ಗೆಳೆಯನ ಹಳೆಯ ವಿಳಾಸ ಬಾಯಿಪಾಠವಾಗಿತ್ತು. ಅದು ಈಗಲೂ ಅಲ್ಲಿಗೇ ಹೋಗಿ ಬಾಗಿಲು ತಟ್ಟುತ್ತಿತ್ತು. ಇದು ಬಹಳ ಮಂದಿ ಮರೆಯುವ ಮಾತು. ಅರ್ಧ ಕೆಲಸ ಮಾಡಿ ಪೆಟ್ಟಿಗೆಯೇ ಕೆಟ್ಟಿತೆಂದು ಹೊಸತನ್ನು ಕೊಂಡವರುಂಟು. ಹಳೆಯ ನಂಟನ್ನು ಅಳಿಸಿ ಹೊಸತಾಗಿ ಹುಡುಕೆಂದು ಹೇಳಿದೊಡನೆ ಅದು ಮನೆಯೊಳಗೆ ಒಂದು ಕೂಗು ಹಾಕಿತು. ಹಾಡಿನ ಪೆಟ್ಟಿಗೆ ಓಗೊಟ್ಟಿತು.

ಆಗ ಮಧ್ಯಾಹ್ನ ಎರಡು ಗಂಟೆ. ಮೇಷ್ಟ್ರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟರು. ರೇಡಿಯೋ ಅಂಗಡಿಯವರು ಹಣದ ಮಾತೆತ್ತಗೊಡಲಿಲ್ಲ. ‘ಆ ಪೆನ್‌ಡ್ರೈವ್ ನಾನು ಒಯ್ತೀನಿ. ದೊಡ್ಡಪ್ಪನ ಮದ್ದಳೆ ನಮ್ಮ ಹುಡುಗರು ಕೇಳಿಲ್ಲ. ನಿಮಗೆ ಇನ್ನೊಂದು ಮಾಡಿಕೊಡ್ತೀನಿ. ಒಂದು ಬೆಂಗಳೂರಿಗೂ ಕಳಿಸ್ರಿ. ಒಂದೇ ಮನ್ಯಾಗ ಇಟ್ಟಿದ್ದು ಇಟ್ಟಂಗಲ್ಲ.’ ಸಂಜೆ ಮಗನ ಫೋನು ಬಂತು. ‘ರಿಸೆಟ್ ಒತ್ತಿದ್ರಾ ಅಪ್ಪಾ?’ ಎಂದು ಕೇಳಿದ. ‘ಒತ್ತಲಿಲ್ಲ’ ಎಂದರು ಮೇಷ್ಟ್ರು. ನಡೆದುದನ್ನು ಹೇಳಿದಾಗ ಆ ಕಡೆ ಕ್ಷಣಕಾಲ ಮಾತು ನಿಂತಿತು. ‘ತಾತನ ಫೈಲು ಇನ್ನೊಂದು ಕಡೆ ಇರಲಿಲ್ಲವಲ್ಲ’ ಎಂದು ಆತ ಮೆಲ್ಲಗೆ ಅಂದ.

ಅವ್ವ ಇವೊಂದನ್ನೂ ವಿಚಾರಿಸಲಿಲ್ಲ. ಆಕೆ ಮದರಾಸು ರಾಜ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ಮಕ್ಕಳನ್ನು ಹೆತ್ತು, ಕರ್ನಾಟಕದಲ್ಲಿ ಮೊಮ್ಮಕ್ಕಳನ್ನು ಆಡಿಸಿದವಳು. ವಿಜಯನಗರ ಜಿಲ್ಲೆಗೆ ಬಂದು ಮೂರು ವರ್ಷವಾಯಿತೆಂದು ಹೇಳಿದರೆ, ‘ಯಾವಾಗ ಹೋದ್ವಿ?’ ಎಂದು ಕೇಳುವ ಪೈಕಿ. ರಾತ್ರಿ ಊಟವಾದ ಮೇಲೆ ಮೇಷ್ಟ್ರು ಮಂಚದ ಬಳಿ ಕುಳಿತು, ಏನು ಹಚ್ಚಲಿ ಎಂದು ಕೇಳಿದರು.

‘ನಿಮ್ಮಪ್ಪಂದು ಹಚ್ಚು.’

ಮೊದಲು ಟೇಪಿನ ಸುಯ್ಲು. ಆಮೇಲೆ ಪೇಟಿಯ ಶ್ರುತಿ, ಮದ್ದಳೆಯ ಎರಡು ಪೆಟ್ಟು, ಜನರ ಗಲಗು, ಎಲ್ಲಿಯೋ ಒಂದು ಕೂಸು ಅಳುವ ಸದ್ದು. ಭಾಗವತರು ಗಂಟಲು ಸರಿಪಡಿಸಿಕೊಂಡರು. ‘ಅವತ್ತು ನೆಗಡಿ ಆಗಿತ್ತು’ ಎಂದಳು ಅವ್ವ. ‘ಹಾಡಬ್ಯಾಡ ಅಂದ್ರೆ ಕೇಳಲಿಲ್ಲ.’ ಮೇಷ್ಟ್ರು ದೀಪ ಚಿಕ್ಕದು ಮಾಡಿ, 192.168.100.50 ಎಂದು ಬರೆದ ಚೀಟಿಯನ್ನು ಗೂಡಿನ ಒಳಮಗ್ಗುಲಿಗೆ ಅಂಟಿಸುತ್ತಿದ್ದರು. ಪದ ಆರಂಭವಾಯಿತು.